ಅಲೆ ಅಳಿಸಿದ ಜಾಗದಲ್ಲಿ ಶಕ್ತಿ ಹೋಗುವುದೆಲ್ಲಿಗೆ?

ಸಂಕ್ರಾಂತಿಯ ಹೊತ್ತಿಗೆ ವಿಜಯಪುರದ ಸಿದ್ಧೇಶ್ವರ ಗುಡಿಯ ಸುತ್ತ ಕಾಲಿಡಲು ಜಾಗ ಸಿಗುವುದಿಲ್ಲ. ನಂದಿಕೋಲುಗಳು ಹೊರಟಿರುತ್ತವೆ. ರಸ್ತೆಯ ಎರಡೂ ಬದಿಗೆ ಬಳೆ, ಬೆಂಡು-ಬತ್ತಾಸು, ಆಟಿಕೆಗಳ ಅಂಗಡಿಗಳು, ಅವುಗಳ ನಡುವೆ ಹಿಂಬದಿಗೆ ತಗಡಿನ ಪತ್ರಾಸು ನಿಲ್ಲಿಸಿ ಕಟ್ಟಿದ ಒಂದು ವೇದಿಕೆ. ಅಲ್ಲಿ ಯಾರೋ ತಂತಿಯಿಲ್ಲದ ಮೈಕು ಹಿಡಿದು ಭಾಷಣ ಮಾಡುತ್ತಿರುತ್ತಾರೆ. ಮಾತಿನ ಭರದಲ್ಲಿ ಅರ್ಧ ಹೆಜ್ಜೆ ಮುಂದೆ ಬಂದರೆ ದನಿ ಕಟ್. ಹಿಂದೆ ಸರಿದರೆ ಮತ್ತೆ ಬರುತ್ತದೆ. ಸೌಂಡ್ ಸಿಸ್ಟಮ್ ಹುಡುಗ ಓಡಿಬಂದು ಮೈಕಿನ ಸೆಲ್ ಬದಲಿಸುತ್ತಾನೆ. ಎರಡು ನಿಮಿಷಕ್ಕೆ ದನಿ ಮತ್ತೆ ಕಟ್.

ಸೆಲ್ಲಿನಲ್ಲಿ ತಪ್ಪಿಲ್ಲ. ಮೈಕಿನಿಂದ ಹೊರಟ ರೇಡಿಯೊ ಅಲೆ ಎರಡು ದಾರಿಯಲ್ಲಿ ರಿಸೀವರ್ ತಲುಪುತ್ತಿದೆ. ಒಂದು ನೇರ ದಾರಿ, ಇನ್ನೊಂದು ಹಿಂದಿನ ಪತ್ರಾಸಿಗೆ ಬಡಿದು ಮರಳಿ ಬರುವ ಸುತ್ತುದಾರಿ. ಒಂದರ ಉಬ್ಬು ಇನ್ನೊಂದರ ಉಬ್ಬಿನ ಜೊತೆ ಬಂದರೆ ಸಂಕೇತ ಬಲಗೊಳ್ಳುತ್ತದೆ. ಉಬ್ಬಿನ ಜೊತೆ ತಗ್ಗು ಬಂದು ಸೇರಿದರೆ ಎರಡೂ ಅಳಿಸಿಹೋಗುತ್ತವೆ. ಪಠ್ಯಪುಸ್ತಕ ಇದನ್ನು ವ್ಯತಿಕರಣ ಎನ್ನುತ್ತದೆ. ಇಂಥ ಮೈಕುಗಳಲ್ಲಿ ಹಲವು ಸೆಕೆಂಡಿಗೆ 60 ಕೋಟಿ ಕಂಪನದ ಆಸುಪಾಸಿನಲ್ಲಿ ಕೆಲಸ ಮಾಡುತ್ತವೆ. ಆ ಅಲೆಯ ಉದ್ದ ಅರ್ಧ ಮೀಟರ್. ಪತ್ರಾಸಿನ ಎದುರು ಸತ್ತ ಜಾಗದಿಂದ ಮುಂದಿನ ಸತ್ತ ಜಾಗಕ್ಕೆ ಅದರ ಅರ್ಧ, ಅಂದರೆ 25 ಸೆಂಟಿಮೀಟರ್. ಒಂದು ಅಡಿಯೂ ಇಲ್ಲ. ಒಳ್ಳೆಯ ರಿಸೀವರಿನ ಬೆನ್ನಿಗೆ ಎರಡು ಆಂಟೆನಾ ಇರುವುದು ಇದಕ್ಕೇ. ಒಂದು ಸತ್ತ ಜಾಗದಲ್ಲಿ ಸಿಕ್ಕಿಕೊಂಡರೆ ಇನ್ನೊಂದು ಬದುಕಿರುತ್ತದೆ, ಒಳಗಿನ ಸರ್ಕ್ಯೂಟು ಅದನ್ನು ಆರಿಸಿಕೊಳ್ಳುತ್ತದೆ.

ಇಷ್ಟು ವಿಷಯ ಮಂದಿಗೆ ಅರ್ಧಂಬರ್ಧ ಗೊತ್ತು. ಶಾಲೆಯಲ್ಲಿ ಎರಡು ಅಲೆಗಳನ್ನು ಒಂದರ ಮೇಲೊಂದು ಬರೆದು, ಕೆಳಗೆ ನೇರವಾದ ಗೆರೆಯೊಂದನ್ನು ಎಳೆದು, ‘ಶೂನ್ಯ’ ಎಂದು ಬರೆದು ಪಾಠ ಮುಗಿಸುತ್ತಾರೆ. ಜಾಣ ಹುಡುಗಿ ಕೇಳಬೇಕಾದ ಪ್ರಶ್ನೆ ಅಲ್ಲೇ ಇದೆ. ಎರಡೂ ಅಲೆಗಳು ಶಕ್ತಿ ಹೊತ್ತು ತಂದವಲ್ಲ, ಸೊನ್ನೆಯಾದ ಜಾಗದಲ್ಲಿ ಆ ಶಕ್ತಿ ಏನಾಯಿತು? ಶಕ್ತಿ ನಾಶವಾಗುವುದಿಲ್ಲ ಎಂದು ಹಿಂದಿನ ಅಧ್ಯಾಯದಲ್ಲೇ ಓದಿದ್ದಾಗಿದೆ. ಆ ನೇರ ಗೆರೆ ಎಳೆದು ಮುಂದಕ್ಕೆ ಹೋಗಿಬಿಡುವ ಪುಸ್ತಕಗಳು ಪಾಠದ ಮುಖ್ಯ ಭಾಗವನ್ನೇ ಬಿಟ್ಟುಬಿಡುತ್ತವೆ ಎಂಬುದು ನನ್ನ ದೂರು.

ಒಂದು ಮತ್ತು ಒಂದು ನಾಲ್ಕು

ಮೊದಲು ಲೆಕ್ಕ. ಅಲೆ ಹೊತ್ತ ಶಕ್ತಿ ಅದರ ಎತ್ತರದ ವರ್ಗಕ್ಕೆ ತಕ್ಕಂತೆ ಇರುತ್ತದೆ. ಸಮನಾದ ಎರಡು ಅಲೆಗಳು ಉಬ್ಬಿಗೆ ಉಬ್ಬು ಕೂಡಿದರೆ ಎತ್ತರ ಎರಡು ಪಟ್ಟು, ಶಕ್ತಿ ನಾಲ್ಕು ಪಟ್ಟು. ತಂದದ್ದು ಒಂದು ಮತ್ತು ಒಂದು, ಎರಡು, ಸಿಕ್ಕಿದ್ದು ನಾಲ್ಕು. ಹಾಗಾದರೆ ಇಲ್ಲಿ ಎರಡು ಪಾಲು ಹೆಚ್ಚಾಗಿ ಬಂದಿತಲ್ಲ! ಪಕ್ಕದ ಸತ್ತ ಜಾಗದಲ್ಲಿ ಎರಡು ಬರಬೇಕಿದ್ದದ್ದು ಸೊನ್ನೆಯಾಗಿದೆ. ನಾಲ್ಕು ಮತ್ತು ಸೊನ್ನೆಯ ಸರಾಸರಿ ಎರಡು. ಒಂದು ಕಡೆ ಕಳೆದದ್ದು ಇನ್ನೊಂದು ಕಡೆ ಜಮಾ ಆಗಿದೆ. ಅಲೆಗಳು ಶಕ್ತಿಯನ್ನು ಕೊಲ್ಲಲಿಲ್ಲ, ಹಂಚಿಕೆ ಬದಲಿಸಿದವು.

ಪತ್ರಾಸಿನ ಎದುರು ಇನ್ನೊಂದು ಸೂಕ್ಷ್ಮವಿದೆ. ರೇಡಿಯೊ ಅಲೆಯೆಂದರೆ ವಿದ್ಯುತ್ ಕ್ಷೇತ್ರ ಮತ್ತು ಕಾಂತಕ್ಷೇತ್ರ ಎರಡೂ ಸೇರಿದ್ದು. ಲೋಹದ ಮೈಮೇಲೆ ವಿದ್ಯುತ್ ಕ್ಷೇತ್ರ ಸೊನ್ನೆಯಾಗುತ್ತದೆ, ಅದೇ ಜಾಗದಲ್ಲಿ ಕಾಂತಕ್ಷೇತ್ರ ಗರಿಷ್ಠವಾಗಿರುತ್ತದೆ. ಅಲೆಯುದ್ದದ ಕಾಲುಭಾಗ ಈಚೆಗೆ ಬಂದರೆ ತದ್ವಿರುದ್ಧ. ಕಡ್ಡಿಯಂಥ ಆಂಟೆನಾ ವಿದ್ಯುತ್ ಕ್ಷೇತ್ರವನ್ನು ಮಾತ್ರ ಹಿಡಿಯುವುದರಿಂದ ನಮಗೆ ‘ಸತ್ತ ಜಾಗ’ ಅನ್ನಿಸಿದ್ದು. ತಂತಿಯ ಸಣ್ಣ ಬಳೆಯೊಂದನ್ನು ಸರಿಯಾಗಿ ತಿರುಗಿಸಿ ಹಿಡಿದರೆ ಅಲ್ಲಿಯೇ ಸಂಕೇತ ಸಿಕ್ಕೀತು. ಶಕ್ತಿ ವಿದ್ಯುತ್ ರೂಪದಿಂದ ಕಾಂತ ರೂಪಕ್ಕೆ, ಅಲ್ಲಿಂದ ಮತ್ತೆ ವಿದ್ಯುತ್ ರೂಪಕ್ಕೆ ಓಲಾಡುತ್ತಿರುತ್ತದೆ.

ಇದನ್ನು ಮೊದಲು ಅಳೆದದ್ದೂ ತಗಡಿನ ಮುಂದೆಯೇ. 1888ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಹೈನ್ರಿಚ್ ಹರ್ಟ್ಜ್ ತಮ್ಮ ಪಾಠದ ಕೋಣೆಯ ಗೋಡೆಗೆ ದೊಡ್ಡ ಸತುವಿನ ಹಾಳೆ ಹಚ್ಚಿ, ಎದುರಿನಿಂದ ಅಲೆಗಳನ್ನು ಬಿಟ್ಟು, ಕೈಯಲ್ಲೊಂದು ತಂತಿಯ ಬಳೆ ಹಿಡಿದು ಅತ್ತಿತ್ತ ನಡೆದರು. ಬಳೆಯ ಬಾಯಲ್ಲಿ ಒಂದೆಡೆ ಕಿಡಿ ಹಾರುತ್ತಿತ್ತು, ಇನ್ನೊಂದೆಡೆ ಆರುತ್ತಿತ್ತು. ಕಿಡಿ ಆರುವ ಜಾಗಗಳ ಅಂತರ ಅಳೆದರೆ ಅಲೆಯ ಉದ್ದ ಸಿಕ್ಕಿತು. ರೇಡಿಯೊ ಅಲೆಗಳು ನಿಜವಾಗಿಯೂ ಇವೆ ಎಂದು ಜಗತ್ತು ನಂಬಿದ್ದು ಇಂಥ ಪ್ರಯೋಗಗಳಿಂದ.

ಮನೆಯಲ್ಲಿ ಎಫ್‌ಎಂ ರೇಡಿಯೊ ಇದ್ದರೆ ಇದನ್ನು ಖರ್ಚಿಲ್ಲದೆ ನೋಡಬಹುದು. ಆಕಾಶವಾಣಿ ವಿಜಯಪುರ 101.8 ಮೆಗಾಹರ್ಟ್ಜ್‌ನಲ್ಲಿ ಬರುತ್ತದೆ. ಅದರ ಅಲೆ ಹತ್ತಿರಹತ್ತಿರ 3 ಮೀಟರ್ ಉದ್ದ. ತಗಡಿನ ಗೋಡೆಯ ಎದುರು ಬಲವಾದ ಜಾಗಕ್ಕೂ ಬಡವಾದ ಜಾಗಕ್ಕೂ ಸುಮಾರು ಎರಡೂವರೆ ಅಡಿ ಅಂತರ. ತಿಕೋಟಾ ಕಡೆಯ ಒಣದ್ರಾಕ್ಷಿ ಶೆಡ್ಡಿನ ತಗಡಿನ ಪಕ್ಕ ರೇಡಿಯೊ ಇಟ್ಟುಕೊಂಡವರು ಅದನ್ನು ಮೊಳ ಎರಡು ಮೊಳ ಆಚೀಚೆ ಸರಿಸಿ ನೋಡಬಹುದು. ಕೋಣೆಯೊಳಗೆ ಗೋಡೆ, ಕಪಾಟು, ಮನುಷ್ಯರು ಎಲ್ಲರೂ ಅಲೆಯನ್ನು ಚದುರಿಸುವುದರಿಂದ ಇಷ್ಟು ನೀಟಾಗಿ ಕಾಣುವುದಿಲ್ಲ.

ಗೋಳಗುಮ್ಮಟದ ಊರಿನವರಿಗೆ ಈ ಪಾಠ ತೀರ ಹೊಸದಲ್ಲ. ಗುಮ್ಮಟದೊಳಗೆ ಓಡಾಡುವುದು ಸದ್ದು, ರೇಡಿಯೊ ಅಲ್ಲ. ಆದರೂ ಕೂಡುವ ಕಳೆಯುವ ನಿಯಮ ಒಂದೇ. 1921ರಲ್ಲಿ ಸಿ.ವಿ. ರಾಮನ್ ಮತ್ತು ಸದರ್‌ಲ್ಯಾಂಡ್ ಇಂಥದೇ ಗುಮ್ಮಟವಿರುವ ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ಪಿಸುಗುಡುವ ಮೊಗಸಾಲೆಯಲ್ಲಿ ಪರೀಕ್ಷಿಸಿದಾಗ, ಗೋಡೆಯಿಂದ ಈಚೆ ಸರಿದಂತೆ ಸದ್ದು ಒಂದೇ ಸಮನೆ ಕುಗ್ಗದೆ, ಏರುತ್ತ ಇಳಿಯುತ್ತ ಹೋಗುವುದನ್ನು ಕಂಡರು.

ರಾತ್ರಿ ಕುಗ್ಗಿ ಹಿಗ್ಗುವ ಧಾರವಾಡ

ಟ್ರಾನ್ಸಿಸ್ಟರ್ ಕಾಲದಲ್ಲಿ ಈ ಭಾಗದ ಹಳ್ಳಿಗಳಲ್ಲಿ ಧಾರವಾಡ ಆಕಾಶವಾಣಿ ಕೇಳಿದ ಹಿರಿಯರಿಗೆ ಒಂದು ಅನುಭವ ನೆನಪಿರುತ್ತದೆ. ಹಗಲು ದನಿ ಒಂದೇ ಸಮ. ರಾತ್ರಿಯಾದರೆ ನಾಟಕದ ಪಾತ್ರ ಮಾತಾಡುತ್ತಲೇ ದೂರ ಹೋದಂತೆ, ಸ್ವಲ್ಪ ಹೊತ್ತಿಗೆ ತಿರುಗಿ ಬಂದಂತೆ ಕೇಳುತ್ತಿತ್ತು. ಸೆಟ್ಟಿಗೆ ಎರಡು ಏಟು ಹಾಕುವುದು ಆಗಿನ ರಿಪೇರಿ.

ಧಾರವಾಡ ಕೇಂದ್ರ ಶುರುವಾದದ್ದು 1950ರ ಜನವರಿಯಲ್ಲಿ. ಮುಂದೆ ಅದರ ಮೀಡಿಯಂ ವೇವ್ ಪ್ರಸಾರ 765 ಕಿಲೋಹರ್ಟ್ಜ್‌ನಲ್ಲಿ, 200 ಕಿಲೋವ್ಯಾಟ್ ಬಲದಲ್ಲಿ ಬರತೊಡಗಿತು. ಅಲೆಯ ಉದ್ದ 392 ಮೀಟರ್. ಧಾರವಾಡದಿಂದ ವಿಜಯಪುರಕ್ಕೆ ನೇರ ಗೆರೆ ಎಳೆದರೆ ಸುಮಾರು 170 ಕಿ.ಮೀ. ಹಗಲಿನಲ್ಲಿ ಅಲೆ ನೆಲ ಹಿಡಿದು ಬರುತ್ತದೆ. ಆಕಾಶಕ್ಕೆ ಹೋದ ಪಾಲನ್ನು 60ರಿಂದ 90 ಕಿ.ಮೀ. ಎತ್ತರದಲ್ಲಿರುವ, ಬಿಸಿಲಿನಿಂದ ಹುಟ್ಟಿದ ಅಯಾನುಗಳ ಪದರ ಹೀರಿಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗುತ್ತದೆ. ಆಗ ಅದಕ್ಕಿಂತ ಮೇಲಿನ ಪದರ ಕನ್ನಡಿಯ ಕೆಲಸ ಮಾಡಿ, ಆಕಾಶಕ್ಕೆ ಹೋದ ಅಲೆಯನ್ನು ಕೆಳಕ್ಕೆ ಕಳಿಸುತ್ತದೆ. ನೆಲದ ಅಲೆ, ಆಕಾಶದ ಅಲೆ ಎರಡೂ ಹೊಲದ ಮನೆಯ ಟ್ರಾನ್ಸಿಸ್ಟರಿಗೆ ಬಂದು ಸೇರುತ್ತವೆ.

ಆ ಕನ್ನಡಿ 100 ಕಿ.ಮೀ. ಎತ್ತರದಲ್ಲಿ ನುಣುಪಾಗಿದೆ ಎಂದುಕೊಂಡು ಲೆಕ್ಕ ಹಾಕಿದರೆ, ಆಕಾಶದ ದಾರಿ ಸುಮಾರು 262 ಕಿ.ಮೀ. ಆಗುತ್ತದೆ. ನೆಲದ ದಾರಿಗಿಂತ 92 ಕಿ.ಮೀ. ಹೆಚ್ಚು. ಈ ಹೆಚ್ಚುವರಿಯಲ್ಲಿ ಅರ್ಧ ಅಲೆಯಷ್ಟು, ಅಂದರೆ 196 ಮೀಟರ್ ಏರುಪೇರಾದರೆ ಸಾಕು, ಕೂಡುತ್ತಿದ್ದದ್ದು ಕಳೆಯತೊಡಗುತ್ತದೆ. ಅಷ್ಟು ಏರುಪೇರಿಗೆ ನೂರು ಕಿ.ಮೀ. ಎತ್ತರದ ಆ ಪದರ ಬರೀ 130 ಮೀಟರ್ ಮೇಲೆ ಕೆಳಗೆ ಆದರಾಯಿತು. ಗಾಳಿಯಷ್ಟೂ ಗಟ್ಟಿಯಿಲ್ಲದ ಆ ಪದರ ರಾತ್ರಿಯಿಡೀ ಅಲುಗಾಡುತ್ತಲೇ ಇರುತ್ತದೆ.

ಈಗ ಜಾಣ ಹುಡುಗಿಯ ಪ್ರಶ್ನೆ: ದನಿ ಕುಗ್ಗಿದ ಕ್ಷಣದಲ್ಲಿ ಧಾರವಾಡದ ಶಕ್ತಿ ಎಲ್ಲಿತ್ತು? ಅದೇ ಲೆಕ್ಕವನ್ನು ಮುಂದುವರಿಸಿ ನೋಡಿ. ವಿಜಯಪುರದಿಂದ ಬಬಲೇಶ್ವರದ ಕಡೆಗೆ, ಅಂದರೆ ಹೆಚ್ಚುಕಡಿಮೆ ಧಾರವಾಡದ ದಿಕ್ಕಿಗೆ ನಡೆದರೆ, ಅರ್ಧ ಕಿ.ಮೀ. ಚಿಲ್ಲರೆ ದೂರದಲ್ಲಿ ದಾರಿಗಳ ಅಂತರ ಅರ್ಧ ಅಲೆಯಷ್ಟು ಬದಲಾಗುತ್ತದೆ. ಈ ಹೊಲದಲ್ಲಿ ಪಾತ್ರಧಾರಿಯ ದನಿ ಅಡಗಿದಾಗ ಅರ್ಧ ಕಿ.ಮೀ. ಆಚೆಗಿನ ಹೊಲದಲ್ಲಿ ಅದು ಗಟ್ಟಿಯಾಗಿ ಕೇಳುತ್ತಿರುತ್ತದೆ. ಇಡೀ ಪ್ರದೇಶದ ಮೇಲೆ ಬಲ-ಬಡ ಪಟ್ಟೆಗಳು ಹಾಸಿರುತ್ತವೆ, ಅಯಾನು ಪದರ ಅಲುಗಿದಂತೆ ಪಟ್ಟೆಗಳೂ ಸರಿಯುತ್ತವೆ. ನಿಜದ ಆಕಾಶ ಇಷ್ಟು ನುಣುಪಲ್ಲ, ಪಟ್ಟೆಗಳು ಸೊಟ್ಟಪಟ್ಟವಾಗಿರುತ್ತವೆ. ಆದರೆ ಮೊತ್ತದಲ್ಲಿ ಕೊರತೆ ಬರುವುದಿಲ್ಲ.

ಆ ಶಕ್ತಿಯಾದರೂ ಎಷ್ಟು? 200 ಕಿಲೋವ್ಯಾಟ್ ಎಲ್ಲ ದಿಕ್ಕಿಗೂ ಹರಡಿ 170 ಕಿ.ಮೀ. ದೂರ ಬರುವಾಗ, ನೆಲ ಹೀರಿದ್ದನ್ನು ಬಿಟ್ಟರೂ, ಒಂದು ಚದರ ಮೀಟರಿಗೆ ಒಂದು ವ್ಯಾಟಿನ ಹತ್ತು ಲಕ್ಷದಲ್ಲೊಂದು ಭಾಗದ ಆಸುಪಾಸು ಸಿಗುತ್ತದೆ. ತಿಕೋಟಾದ ದ್ರಾಕ್ಷಿ ತೋಟದ ಮೇಲೆ ನಡುಹಗಲು ಬೀಳುವ ಬಿಸಿಲೂ ವಿದ್ಯುತ್ಕಾಂತೀಯ ಅಲೆಯೇ; ಅದು ಚದರ ಮೀಟರಿಗೆ ಸುಮಾರು 1000 ವ್ಯಾಟ್. ನೂರು ಕೋಟಿ ಪಟ್ಟು ಹೆಚ್ಚು.

ಅಕ್ಕಪಕ್ಕ ಎಲ್ಲೂ ಇಲ್ಲದಿದ್ದರೆ?

ಇಲ್ಲಿಯವರೆಗೆ ಉತ್ತರ ಸುಲಭ: ಇಲ್ಲಿಲ್ಲದ್ದು ಪಕ್ಕದಲ್ಲಿದೆ. ಹುಡುಗಿ ಪಟ್ಟು ಬಿಡದೆ ಇನ್ನೊಂದು ಕೇಳಬಹುದು. ಎರಡು ಆಂಟೆನಾಗಳನ್ನು ಒಂದಕ್ಕೊಂದು ಅಂಟಿಸಿದಷ್ಟು ಹತ್ತಿರ ನಿಲ್ಲಿಸಿ, ಒಂದಕ್ಕೆ ಉಬ್ಬು ಕೊಟ್ಟಾಗ ಇನ್ನೊಂದಕ್ಕೆ ತಗ್ಗು ಕೊಟ್ಟರೆ? ಎಲ್ಲ ದಿಕ್ಕಿನಲ್ಲೂ ಅಳಿಸಿಯೇ ಹೋಗುತ್ತದೆ, ನಾಲ್ಕು ಪಟ್ಟು ಸಿಗುವ ಮೂಲೆ ಎಲ್ಲೂ ಉಳಿಯುವುದಿಲ್ಲ. ಆಗ?

ಉತ್ತರ ಸಿಗುವುದು ಆಂಟೆನಾದ ಬುಡದಲ್ಲಿ. ನಾಗರಪಂಚಮಿಗೆ ಬೇವಿನ ಮರಕ್ಕೆ ಕಟ್ಟಿದ ಜೋಕಾಲಿಯನ್ನು ಇಬ್ಬರು ಜೀಕಿಸುತ್ತಿದ್ದಾರೆ ಎಂದುಕೊಳ್ಳಿ. ಇಬ್ಬರೂ ಹೊತ್ತು ನೋಡಿ ಒಂದೇ ಕಡೆಗೆ ತಳ್ಳಿದರೆ, ಆಗಲೇ ಓಡುತ್ತಿರುವ ಮಣೆಯನ್ನು ತಳ್ಳುವುದರಿಂದ ಒಬ್ಬೊಬ್ಬರ ಕೈಯಿಂದಲೂ ಒಂಟಿಯಾಗಿದ್ದಾಗಿನದಕ್ಕಿಂತ ಹೆಚ್ಚು ಶಕ್ತಿ ಹೋಗುತ್ತದೆ. ಒಬ್ಬರು ಎದುರಿನಿಂದ ತಡೆದರೆ ಜೋಕಾಲಿ ಏರುವುದಿಲ್ಲ, ಅದರ ಶಕ್ತಿ ತಡೆದವರ ಕೈಗೇ ಬಂದು ಬಡಿಯುತ್ತದೆ. ಆಂಟೆನಾದ ಕತೆಯೂ ಇಷ್ಟೇ. ಒಂದು ಆಂಟೆನಾ ಎಬ್ಬಿಸಿದ ಕ್ಷೇತ್ರ ಇನ್ನೊಂದರ ಕರೆಂಟಿನ ಮೇಲೆ ಒತ್ತುತ್ತದೆ. ಎರಡೂ ವಿರುದ್ಧವಾಗಿ ಆಡುವಾಗ ಟ್ರಾನ್ಸ್‌ಮಿಟರ್ ಎಷ್ಟು ಒದ್ದಾಡಿದರೂ ಶಕ್ತಿ ಹೊರಗೆ ಹೊರಡುವುದಿಲ್ಲ, ಹೋದಷ್ಟೂ ಮರಳುತ್ತದೆ. ಕಳೆದುಹೋಯಿತೆಂದು ಹುಡುಕುತ್ತಿದ್ದದ್ದು ಮನೆಯಿಂದ ಹೊರಟೇ ಇರಲಿಲ್ಲ.

ಈ ಎರಡು ಉತ್ತರಗಳ ಆಚೆ ಮೂರನೆಯದಿಲ್ಲ. ಅಲೆ ಅಳಿಸಿದ ಜಾಗದ ಶಕ್ತಿ ಒಂದೋ ಬೇರೆಡೆಗೋ ಬೇರೆ ರೂಪಕ್ಕೋ ಸೇರಿದೆ, ಇಲ್ಲವೇ ಮೂಲದಿಂದ ಹೊರಡಲೇ ಇಲ್ಲ.

ಕನ್ನಡಕದವರಿಗೆ ಮೊದಲನೆಯ ಉತ್ತರವೇ ಬಂಡವಾಳ. ಬರಿ ಗಾಜಿನ ಒಂದೊಂದು ಮೈಯೂ ಬಿದ್ದ ಬೆಳಕಿನಲ್ಲಿ ನೂರಕ್ಕೆ ನಾಲ್ಕು ಪಾಲು ಹಿಂದಕ್ಕೆ ಎಸೆಯುತ್ತದೆ. ಬೆಳಕಿನ ಅಲೆಯ ಕಾಲುಭಾಗದಷ್ಟು ದಪ್ಪದ ಲೇಪ ಹಚ್ಚಿದರೆ ಲೇಪದ ಮೇಲಿನಿಂದ ಮರಳುವ ಬೆಳಕೂ ಕೆಳಗಿನಿಂದ ಮರಳುವ ಬೆಳಕೂ ಒಂದನ್ನೊಂದು ಅಳಿಸುತ್ತವೆ, ಆ ಪಾಲೂ ಗಾಜು ದಾಟಿ ಕಣ್ಣಿಗೆ ಬರುತ್ತದೆ. ಆ್ಯಂಟಿ-ಗ್ಲೇರ್ ಎಂದು ಹೆಚ್ಚು ದುಡ್ಡು ತೆಗೆದುಕೊಳ್ಳುವುದು ಇದಕ್ಕೆ.

ಭಾರತದಲ್ಲಿ 2022ರ ಅಕ್ಟೋಬರಿನಲ್ಲಿ ಬಂದ 5ಜಿ ಕೂಡ ಇದನ್ನೇ ದೊಡ್ಡದಾಗಿ ಮಾಡುತ್ತದೆ. ಗೋಪುರದ ಮೇಲಿನ ಹಲಗೆಯೊಳಗೆ ಹತ್ತಾರು ಪುಟ್ಟ ಆಂಟೆನಾಗಳು. ಒಂದೊಂದಕ್ಕೂ ಎಳ್ಳಷ್ಟು ತಡಮಾಡಿ ಸಂಕೇತ ಕೊಟ್ಟು, ನಿಮ್ಮ ಫೋನಿರುವ ದಿಕ್ಕಿನಲ್ಲಿ ಮಾತ್ರ ಎಲ್ಲ ಉಬ್ಬುಗಳೂ ಕೂಡುವಂತೆ, ಉಳಿದ ದಿಕ್ಕಿನಲ್ಲಿ ಅಳಿಸುವಂತೆ ಹೊಂದಿಸುತ್ತಾರೆ. ಹೊಸ ಶಕ್ತಿ ಹುಟ್ಟುವುದಿಲ್ಲ. ಯಾರಿಗೂ ಬೇಡದ ಕಡೆಗೆ ಹೋಗುತ್ತಿದ್ದದ್ದು ನಿಮ್ಮ ಕಡೆ ತಿರುಗುತ್ತದೆ. ಜಾತ್ರೆಯಲ್ಲಿ ಫೋನು ಹತ್ತದಿರುವುದಕ್ಕೆ ಮಾತ್ರ ಇದು ಪೂರ್ತಿ ಮದ್ದಲ್ಲ, ಅಲ್ಲಿಯ ದೊಡ್ಡ ತೊಂದರೆ ಜನ ಹೆಚ್ಚು, ಜಾಗ ಕಡಿಮೆ.

ತಂತಿಯೊಳಗೆ ಏನೂ ಹರಿದು ಬರುವುದಿಲ್ಲವೇ?

ಶಕ್ತಿ ಕ್ಷೇತ್ರದಲ್ಲೇ ಇರುತ್ತದೆ ಎಂದು 1865ರಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಬರೆದಿದ್ದರು. ಅದು ಯಾವ ದಾರಿಯಲ್ಲಿ ಎಷ್ಟು ಹರಿಯುತ್ತದೆ ಎಂಬ ಸೂತ್ರ ಕೊಟ್ಟವರು ಇಂಗ್ಲೆಂಡಿನ ಜಾನ್ ಹೆನ್ರಿ ಪಾಯಿಂಟಿಂಗ್, 1884ರಲ್ಲಿ. ವಿದ್ಯುತ್ ಕ್ಷೇತ್ರ ಒಂದು ದಿಕ್ಕಿಗೆ, ಕಾಂತಕ್ಷೇತ್ರ ಅದಕ್ಕೆ ಅಡ್ಡಲಾಗಿ ಇನ್ನೊಂದು ದಿಕ್ಕಿಗೆ ಇದ್ದರೆ, ಶಕ್ತಿ ಇವೆರಡಕ್ಕೂ ಲಂಬವಾದ ಮೂರನೆಯ ದಿಕ್ಕಿಗೆ ಹರಿಯುತ್ತದೆ. ಎರಡರಲ್ಲಿ ಯಾವುದು ಸೊನ್ನೆಯಾದರೂ ಹರಿವು ಸೊನ್ನೆ. ಪತ್ರಾಸಿನ ಎದುರು ಶಕ್ತಿ ನಿಂತಲ್ಲೇ ಓಲಾಡುವುದು ಹೀಗೆ.

ಈ ಸೂತ್ರವನ್ನು ಕರೆಂಟಿನ ತಂತಿಗೆ ಹಚ್ಚಿದರೆ ಬರುವ ಉತ್ತರ ಅಂದಿನವರನ್ನೂ ಬೆಚ್ಚಿಬೀಳಿಸಿತ್ತು. ಜಿಲ್ಲೆಯ ಕೂಡಗಿಯಲ್ಲಿರುವ ಎನ್‌ಟಿಪಿಸಿ ಸ್ಥಾವರದ್ದು 800 ಮೆಗಾವ್ಯಾಟಿನ ಮೂರು ಘಟಕ, ಒಟ್ಟು 2400 ಮೆಗಾವ್ಯಾಟ್. ಅಲ್ಲಿಂದ ಹೊರಡುವ ಶಕ್ತಿ ತಂತಿಯ ಲೋಹದೊಳಗೆ ತುಂಬಿಕೊಂಡು ಹೋಗುವುದಿಲ್ಲ. ತಂತಿಗಳ ಸುತ್ತಲಿನ, ನಡುವಿನ ಗಾಳಿಯಲ್ಲಿರುವ ಕ್ಷೇತ್ರದಲ್ಲಿ ಸಾಗುತ್ತದೆ. ತಂತಿಯ ಕೆಲಸ ದಾರಿ ತೋರಿಸುವುದು. ಲೋಹದೊಳಕ್ಕೆ ಪಕ್ಕದಿಂದ ನುಗ್ಗುವ ಸ್ವಲ್ಪ ಪಾಲು ಅಲ್ಲೇ ಬಿಸಿಯಾಗಿ ಮುಗಿಯುತ್ತದೆ, ಅದಕ್ಕೆ ಲೈನ್ ಲಾಸ್ ಎಂದು ಹೆಸರು. ಎಲೆಕ್ಟ್ರಾನುಗಳಂತೂ ಸೆಕೆಂಡಿಗೆ 50 ಸಲ ಇದ್ದಲ್ಲೇ ಹಿಂದಕ್ಕೆ ಮುಂದಕ್ಕೆ ಕದಲುತ್ತವೆ, ಒಂದು ಊರಿನಿಂದ ಇನ್ನೊಂದು ಊರಿಗೆ ಎಂದೂ ಪ್ರಯಾಣ ಮಾಡುವುದಿಲ್ಲ.

ನಂಬಿಕೆ ಬಾರದಿದ್ದರೆ ಹೊಲದ ಬದಿಯ ಟೀಸಿ, ಅಂದರೆ ಟ್ರಾನ್ಸ್‌ಫಾರ್ಮರ್ ನೋಡಿ. ಅದರೊಳಗೆ 11 ಸಾವಿರ ವೋಲ್ಟಿನ ಸುರುಳಿಗೂ ಮೋಟರಿಗೆ ಕರೆಂಟು ಕೊಡುವ ಸುರುಳಿಗೂ ತಂತಿಯ ಸಂಪರ್ಕ ಇಲ್ಲ. ನಡುವೆ ಎಣ್ಣೆ, ಕಾಗದ. ರೈತರು ಬಳಸುವ ಅಷ್ಟೂ ಶಕ್ತಿ ಕ್ಷೇತ್ರದ ಮೂಲಕವೇ ಆ ಅಂತರ ದಾಟಬೇಕು.

ಮೂರು ಫೇಸಿನ ಲೈನಿನಲ್ಲಿ ವ್ಯತಿಕರಣವೂ ಕೆಲಸ ಮಾಡುತ್ತಿರುತ್ತದೆ. ಮೂರು ತಂತಿಗಳ ಕರೆಂಟು ಸರದಿಯಂತೆ ಏರಿಳಿಯುತ್ತದೆ, ಹೊರೆ ಸಮನಾಗಿದ್ದರೆ ಯಾವ ಕ್ಷಣದಲ್ಲಿ ಕೂಡಿಸಿದರೂ ಮೊತ್ತ ಸೊನ್ನೆ. ಹಾಗಾಗಿ ಲೈನಿನಿಂದ ದೂರ ಹೋದಂತೆ ಮೂರರ ಕ್ಷೇತ್ರಗಳು ಒಂದನ್ನೊಂದು ಅಳಿಸುತ್ತವೆ, ಶಕ್ತಿ ತಂತಿಗಳ ಹತ್ತಿರವೇ ಕಟ್ಟುಬಿದ್ದು ಸಾಗುತ್ತದೆ.

ಫೇಸ್ ಹೋದಾಗ

ತುಬಚಿ-ಬಬಲೇಶ್ವರ ಏತ ನೀರಾವರಿ ಕೃಷ್ಣೆಯ ನೀರನ್ನು ಮೇಲಕ್ಕೆತ್ತಿ ಈ ಭಾಗಕ್ಕೆ ತರುತ್ತದೆ. ಅದರ ಆಚೆಗೆ ತೋಟ ತೋಟಕ್ಕೂ ಬೋರ್‌ವೆಲ್. ದೊಡ್ಡ ಪಂಪಾಗಲಿ, ಕೊಳವೆಯೊಳಗೆ ಇಳಿಬಿಟ್ಟ ಸಬ್‌ಮರ್ಸಿಬಲ್ ಆಗಲಿ, ಇಂಡಕ್ಷನ್ ಮೋಟರಾದರೆ ತಿರುಗುವ ಭಾಗಕ್ಕೆ ಹೊರಗಿನ ತಂತಿ ಹೋಗಿರುವುದಿಲ್ಲ. ಸುತ್ತಲಿನ ಸುರುಳಿಗೂ ಅದಕ್ಕೂ ನಡುವೆ ಸಣ್ಣ ಸಂದಿ. ನೀರನ್ನು ಎತ್ತುವ ಶಕ್ತಿಯೆಲ್ಲ ಆ ಸಂದಿಯನ್ನು ಕ್ಷೇತ್ರವಾಗಿ ದಾಟುತ್ತದೆ.

ಅಲ್ಲಿ ನಡೆಯುವ ಕೂಡುವಿಕೆ ನನಗೆ ಈ ಇಡೀ ವಿಷಯದಲ್ಲೇ ಬಹಳ ಚಂದ ಅನ್ನಿಸುತ್ತದೆ. ಒಂದೊಂದು ಫೇಸಿನ ಸುರುಳಿಯೂ ತನ್ನ ಜಾಗದಲ್ಲಿ ನಿಂತು ಬರೀ ಉಬ್ಬಿ ತಗ್ಗುವ ಕ್ಷೇತ್ರ ಕೊಡುತ್ತದೆ, ಯಾವುದೂ ತಿರುಗುವುದಿಲ್ಲ. ಸುರುಳಿಗಳನ್ನು ಸುತ್ತಲೂ ಸಮ ಅಂತರದಲ್ಲಿ ಇಟ್ಟು ಸರದಿಯಂತೆ ಉಬ್ಬಿಸಿದರೆ, ಮೂರೂ ಕೂಡಿ ಹಿಗ್ಗದ ಕುಗ್ಗದ ಒಂದೇ ಕ್ಷೇತ್ರವಾಗಿ ಸುತ್ತುತ್ತದೆ. ಎರಡು ಧ್ರುವದ ಮೋಟರಿನಲ್ಲಿ ನಿಮಿಷಕ್ಕೆ 3000 ಸುತ್ತು. ಒಳಗಿನ ರೋಟರ್ ಅದರ ಬೆನ್ನು ಹತ್ತಿ, ಸ್ವಲ್ಪ ಹಿಂದೆ ಬಿದ್ದು ಓಡುತ್ತದೆ.

ಸಿಂಗಲ್ ಫೇಸಿನಲ್ಲಿ ಈ ಆಟ ಕೂಡಿಬರುವುದಿಲ್ಲ. ಉಬ್ಬಿ ತಗ್ಗುವ ಒಂಟಿ ಕ್ಷೇತ್ರವನ್ನು ಬಲಕ್ಕೆ ಸುತ್ತುವ ಒಂದು, ಎಡಕ್ಕೆ ಸುತ್ತುವ ಇನ್ನೊಂದು, ಹೀಗೆ ಎರಡು ಸಮಬಲದ ಕ್ಷೇತ್ರಗಳ ಮೊತ್ತವೆಂದು ನೋಡಬಹುದು. ನಿಂತ ರೋಟರನ್ನು ಎರಡೂ ಎಳೆಯುತ್ತವೆ, ಅದು ಎತ್ತಲೂ ಹೋಗುವುದಿಲ್ಲ. ಮನೆಯ ಫ್ಯಾನಿಗೆ ಕೆಪಾಸಿಟರ್ ಬೇಕಾಗುವುದು ಈ ಹಗ್ಗಜಗ್ಗಾಟ ಮುರಿಯಲು.

ತಾಸು ಎಣಿಸಿ ಬರುವ ಥ್ರೀ ಫೇಸ್ ಕರೆಂಟಿಗೆ ಕಾದು ರಾತ್ರಿ ಸ್ಟಾರ್ಟರ್ ಒತ್ತುವ ರೈತರಿಗೆ ಇದರ ಪರಿಣಾಮ ಚೆನ್ನಾಗಿ ಗೊತ್ತು. ಹೆಸ್ಕಾಂ ಲೈನಿನಲ್ಲಿ ಎಲ್ಲೋ ಒಂದು ಫ್ಯೂಸ್ ಹೋಗಿ ಒಂದು ಫೇಸ್ ಇಲ್ಲವಾಗಿದ್ದರೆ ಮೋಟರ್ ತಿರುಗದೆ ಗುಂಯ್ ಎಂದು ನಿಲ್ಲುತ್ತದೆ. ಲೈನಿನಿಂದ ಶಕ್ತಿ ಎಂದಿನದಕ್ಕಿಂತ ಹೆಚ್ಚಾಗಿಯೇ ನುಗ್ಗುತ್ತಿರುತ್ತದೆ, ತಿರುಗುವ ಕೆಲಸ ಸಿಗದೆ ತಾಮ್ರದ ಸುರುಳಿಯನ್ನು ಕಾಯಿಸುತ್ತದೆ. ಫೇಸ್ ಹೋದರೆ ತಾನೇ ಬಂದ್ ಮಾಡುವ ಸಾಧನವನ್ನು ಸ್ಟಾರ್ಟರಿನಲ್ಲಿ ಹಾಕಿಸಿದ್ದರೆ ಬಚಾವು. ಇಲ್ಲದಿದ್ದರೆ ನಿಮಿಷಗಳಲ್ಲಿ ವಾರ್ನಿಷ್ ಸುಟ್ಟ ವಾಸನೆ, ಬೆಳಿಗ್ಗೆ ಕೊಳವೆ ಎತ್ತುವ ಕೂಲಿ, ಆಮೇಲೆ ರಿವೈಂಡಿಂಗ್ ಅಂಗಡಿಯ ಬಿಲ್ಲು.